ನೇತ್ರಾವತಿಗೆ ಶೇಕಡಾ ನಾಲ್ಕು

ಆ ವರ್ಷದ ಮುನ್ನೋಟ ಹೊರಬಿದ್ದದ್ದು ಒಂದು ಸೋಮವಾರ ಬೆಳಿಗ್ಗೆ. ಪಶ್ಚಿಮ ಲೀಗಿನ ಹನ್ನೆರಡು ಫುಟ್‌ಬಾಲ್ ತಂಡಗಳ ಹೆಸರು, ಪ್ರತಿ ಹೆಸರಿನ ಎದುರು ಒಂದು ಅಂಕಿ. ಮೊದಲ ನಾಲ್ಕು ಸ್ಥಾನಗಳೊಳಗೆ ಬಂದು ಪ್ಲೇಆಫ್ ಆಡುವ ಸಾಧ್ಯತೆ ಯಾರಿಗೆ ಎಷ್ಟು ಎಂದು ಹೇಳುವ ಅಂಕಿ. ಮಂಗಳೂರಿನ ನೇತ್ರಾವತಿ ಯುನೈಟೆಡ್ ಎದುರು ಶೇಕಡಾ ನಾಲ್ಕು ಎಂದಿತ್ತು.

ಅದನ್ನು ಲೋಕಕ್ಕೆ ಬಿಡುವ ಗುಂಡಿ ಒತ್ತಿದವಳು ರಮ್ಲತ್. ಕೊಣಾಜೆಯ ಗುಡ್ಡದ ಮೇಲಿದ್ದ ಮುನ್ನೋಟ ಕೇಂದ್ರದಲ್ಲಿ ಅವಳು ಹಿರಿಯ ವಿಶ್ಲೇಷಕಿ. ಹುಟ್ಟಿದ್ದು, ಬೆಳೆದದ್ದು ಉಳ್ಳಾಲದಲ್ಲಿ. ಚಿಕ್ಕಂದಿನಲ್ಲಿ ನೇತ್ರಾವತಿ ಸೋತ ದಿನ ಊಟ ಬಿಡುತ್ತಿದ್ದ ಹುಡುಗಿ. ಈಗ ನಾಲ್ಕು ಎಂಬ ಅಂಕಿ ಪರದೆಯ ಮೇಲೆ ಮೂಡಿದಾಗ ಅವಳಿಗೆ ಏನೂ ಅನ್ನಿಸಲಿಲ್ಲ. ಗುಂಡಿ ಒತ್ತಿದಳು, ಆರಿಹೋಗಿದ್ದ ಚಹಾ ಕುಡಿದಳು, ಮುಂದಿನ ಕೆಲಸಕ್ಕೆ ಹೋದಳು.

ಯಂತ್ರದ ಕೆಲಸ ಹೀಗಿತ್ತು. ಋತುವಿಗೆ ಮೊದಲಿನ ಶಿಬಿರದಲ್ಲಿ ಪ್ರತಿ ಆಟಗಾರನೂ ಒಂದು ತೆಳ್ಳನೆಯ ಬನಿಯನ್ ತೊಡಬೇಕು. ಅವನ ಉಸಿರು, ನಾಡಿ, ಸ್ನಾಯುಗಳ ಎಳೆತ, ಓಡುವಾಗ ಪಾದ ನೆಲಕ್ಕೆ ತಾಗುವ ಬಗೆ ಎಲ್ಲವನ್ನೂ ಅದು ಅಳೆಯುತ್ತದೆ. ಆ ಅಳತೆಗಳಿಂದ ಯಂತ್ರ ಆಟಗಾರನ ಒಂದು ಲೆಕ್ಕದ ದೇಹವನ್ನು ಕಟ್ಟುತ್ತದೆ. ಕೇಂದ್ರದವರು ಅದನ್ನು ನೆರಳು ಎನ್ನುತ್ತಿದ್ದರು. ಆಮೇಲೆ ನೆರಳುಗಳನ್ನೇ ಮೈದಾನಕ್ಕಿಳಿಸಿ ಇಡೀ ಲೀಗನ್ನು ಲಕ್ಷ ಸಲ ಆಡಿಸಿ ನೋಡುತ್ತದೆ. ನೆರಳುಗಳು ದಣಿಯುತ್ತವೆ, ಗಾಯಗೊಳ್ಳುತ್ತವೆ, ಒಂದನ್ನೊಂದು ನೋಡಿ ಧೈರ್ಯ ತಂದುಕೊಳ್ಳುತ್ತವೆ, ಧೈರ್ಯಗೆಡುತ್ತವೆ. ಹಿಂದಿನ ಮೂರು ವರ್ಷವೂ ಯಂತ್ರ ಹೇಳಿದ ನಾಲ್ಕು ತಂಡಗಳೇ ಪ್ಲೇಆಫ್ ಆಡಿದ್ದವು.

ಜನ ಇದಕ್ಕೆ ಬೇಗ ಒಗ್ಗಿಕೊಂಡರು. ಋತುವಿಗೆ ಮೊದಲು ಹೋಟೆಲುಗಳಲ್ಲಿ ನಡೆಯುತ್ತಿದ್ದ ಜಗಳಗಳು ನಿಂತವು. "ಈ ಸಲ ನಮ್ಮದು ಎಷ್ಟು?" ಎಂದು ಒಬ್ಬ ಕೇಳಿದರೆ ಇನ್ನೊಬ್ಬ ಅಂಕಿ ಹೇಳುತ್ತಿದ್ದ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ಮೈದಾನಕ್ಕೆ ಬಂದವರು ಗೋಲಾದಾಗ ಎದ್ದು ನಿಲ್ಲುತ್ತಿದ್ದರು, ಕೂತುಕೊಳ್ಳುತ್ತಿದ್ದರು. ಸೋತಾಗ ಯಾರೂ ಬೈಯುತ್ತಿರಲಿಲ್ಲ. ರಮ್ಲತ್ ಅಂತೂ ಮೈದಾನಕ್ಕೆ ಹೋಗುವುದನ್ನೇ ಬಿಟ್ಟಿದ್ದಳು.

ಬಿಡದೇ ಉಳಿದವನು ಅವಳ ಅಣ್ಣ ಉನೈಸ್. ಉಳ್ಳಾಲದಿಂದ ಸ್ಟೇಟ್‌ಬ್ಯಾಂಕಿಗೆ ಹೋಗುವ ಸಿಟಿ ಬಸ್ಸಿನ ಡ್ರೈವರ್. ಪ್ರತಿ ವರ್ಷ ಲೀಗ್ ಶುರುವಾಗುವ ಮುಂಚೆ ಅವನು ತನ್ನದೇ ಅಂದಾಜೊಂದನ್ನು ಧ್ವನಿಮುದ್ರಿಸಿ ಅಭಿಮಾನಿಗಳ ಗುಂಪಿಗೆ ಕಳಿಸುತ್ತಿದ್ದ. ಯಂತ್ರ ಬರುವ ಮೊದಲು ಸಾವಿರಾರು ಜನ ಅದನ್ನು ಕೇಳುತ್ತಿದ್ದರು. ಈಗ ಬೆರಳೆಣಿಕೆಯ ಮಂದಿ, ಅದೂ ಅವನ ಮೇಲಿನ ದಾಕ್ಷಿಣ್ಯಕ್ಕೆ.

ಮರುದಿನ ಬೆಳಿಗ್ಗೆ ತಿಂಡಿಗೆ ಕೂತಾಗ ಉನೈಸ್ ತಟ್ಟೆಗೆ ಕೈ ಹಾಕಲಿಲ್ಲ.

"ರಮ್ಲಾ, ನಾಲ್ಕು ಅಂದ್ರೆ ಎಂತ ಲೆಕ್ಕ ಇದು?"

"ಲೆಕ್ಕ ಸರಿ ಉಂಟು ಕಾಕ," ಎಂದಳು ರಮ್ಲತ್. ಅಣ್ಣನನ್ನು ಅವಳು ಕರೆಯುವುದು ಹಾಗೆಯೇ.

"ತಪ್ಪು ಅಂತ ನಾನು ಹೇಳಿದ್ದಲ್ಲ. ಕೇಳು. ಗೋಲು ಕಾಯುವ ಗೋಲಿ ಕಳೆದ ವರ್ಷದವನೇ. ಹಿಂದೆ ನಿಲ್ಲುವ ನಾಲ್ವರಲ್ಲಿ ಮೂವರು ಹಳಬರು. ಬಲಗಡೆಯ ಆ ಮಣಿಪುರದ ಹುಡುಗ ಇನ್ನೂ ಎಳಸು, ಒಪ್ತೇನೆ. ಮುಂದೆ ಗೋಲು ಹೊಡೆಯುವವರು ಕಮ್ಮಿ, ಅದನ್ನೂ ಒಪ್ತೇನೆ. ಆದ್ರೆ ಮಧ್ಯದಲ್ಲಿ ಲ್ಯಾನ್ಸಿ ಇದ್ದಾನಲ್ಲ? ಅವನು ಇರುವಾಗ ಈ ಟೀಮು ಐದನೆಯದೋ ಆರನೆಯದೋ ಬರ್ಬೇಕು. ಪುಣ್ಯ ಇದ್ರೆ ನಾಲ್ಕನೆಯದು. ನಾಲ್ಕು ಶೇಕಡಾ ಅಂದ್ರೆ ಇದು ಸೋಲುವ ಟೀಮಿನ ಅಂಕಿ ಅಲ್ಲ ಮಾರಾಯ್ತಿ, ಕುಸಿದು ಬೀಳುವ ಟೀಮಿನ ಅಂಕಿ. ಅದು ಯಾಕೆ ಅಂತ ನಾನು ಕೇಳುದು."

ಯಾಕೆ ಎಂದು ಕೇಂದ್ರದಲ್ಲಿ ಯಾರೂ ಕೇಳುತ್ತಿರಲಿಲ್ಲ. ಕೇಳುವಂತೆಯೂ ಇರಲಿಲ್ಲ. ಮೊದಲ ವರ್ಷ ಒಂದು ಕ್ಲಬ್ಬಿನವರು ಯಂತ್ರದೊಳಗಿನ ನೆರಳನ್ನು ನೋಡಿ, ಇನ್ನೂ ನೋವೇ ಶುರುವಾಗದ ಮೊಣಕಾಲಿನ ಹುಡುಗನೊಬ್ಬನನ್ನು ತಂಡದಿಂದ ಹೊರಹಾಕಿದ್ದರು. ಆಟಗಾರರೆಲ್ಲ ಬನಿಯನ್ ಕಿತ್ತೆಸೆದು ಮುಷ್ಕರ ಹೂಡಿದರು. ಆಮೇಲೆ ಒಪ್ಪಂದವಾಯಿತು: ಯಾವ ಆಟಗಾರನ ನೆರಳನ್ನೂ ಯಾರೂ ತೆರೆದು ನೋಡಬಾರದು. ನೆರಳುಗಳಿಗೆ ಮುದ್ರೆ ಬಿತ್ತು. ಹೊರಬರುವುದು ತಂಡದ ಅಂಕಿ ಮಾತ್ರ. ಅದು ನ್ಯಾಯವಾದ ಒಪ್ಪಂದ ಎಂದೇ ರಮ್ಲತ್ ನಂಬಿದ್ದಳು.

ಅಂದು ಕೇಂದ್ರಕ್ಕೆ ಹೋದವಳು ಮುದ್ರೆ ಮುಟ್ಟಲಿಲ್ಲ. ಯಂತ್ರ ಆಡಿಸಿದ ಲೀಗಿನಲ್ಲಿ ತಂಡದ ಅಂಕಗಳು ವಾರದಿಂದ ವಾರಕ್ಕೆ ಹೇಗೆ ಏರಿಳಿಯುತ್ತವೆ ಎಂಬುದನ್ನು ಮಾತ್ರ ನೋಡಿದಳು. ಅದಕ್ಕೆ ತಡೆ ಇರಲಿಲ್ಲ. ಎಂಟನೆಯ ಪಂದ್ಯದವರೆಗೆ ನೇತ್ರಾವತಿ ನಾಲ್ಕನೆಯ ಸ್ಥಾನದ ಆಸುಪಾಸಿನಲ್ಲೇ ಇತ್ತು, ಉನೈಸ್ ಹೇಳಿದ ಹಾಗೆಯೇ. ಒಂಬತ್ತನೆಯ ಪಂದ್ಯದ ಹೊತ್ತಿಗೆ ಗೆರೆ ಕೆಳಗೆ ಜಾರಿ, ಮತ್ತೆ ಮೇಲೇಳದೆ ಉಳಿದಿತ್ತು.

ಅವಳು ಒಬ್ಬೊಬ್ಬ ಆಟಗಾರನನ್ನು ಬಿಟ್ಟು ಲೀಗನ್ನು ಮತ್ತೆ ಮತ್ತೆ ಆಡಿಸಿದಳು. ಗೋಲಿಯನ್ನು ತೆಗೆದಳು, ನಾಲ್ಕು ಮೂರಾಯಿತು. ನಾಯಕನನ್ನು ತೆಗೆದಳು, ಎರಡಾಯಿತು. ಲ್ಯಾನ್ಸಿ ವೇಗಸ್‌ನನ್ನು ತೆಗೆದಾಗ ಅಂಕಿ ಮೂವತ್ತೊಂದಕ್ಕೆ ಏರಿತು. ತಪ್ಪಾಗಿರಬೇಕೆಂದು ಮತ್ತೆ ಆಡಿಸಿದಳು. ಅದೇ ಅಂಕಿ ಬಂತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ಅನಸೂಯಾ ಬಾಳಿಗಾ ಆ ಯಂತ್ರವನ್ನು ಕಟ್ಟಿದವರಲ್ಲಿ ಒಬ್ಬರು. ರಮ್ಲತ್ ತೋರಿಸಿದ ಗೆರೆಯನ್ನು ಅವರು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದರು.

"ಅತಿ ಒಳ್ಳೆಯ ಆಟಗಾರ ಇಲ್ಲದಿದ್ರೆ ಟೀಮು ಚೆಂದ ಆಡ್ತದೆ ಅಂದ್ರೆ ಎಂತ ಮೇಡಂ?" ರಮ್ಲತ್ ಕೇಳಿದಳು. "ಅವನಿಗೆ ಕಾಲುನೋವು ಬಂದ್ರೂ ಹೀಗಾಗ್ಲಿಕ್ಕಿಲ್ಲ. ಗಾಯ ಆಗಿ ಹೊರಗೆ ಕೂತವನೂ ಟೀಮಿನಲ್ಲೇ ಇಲ್ಲದವನೂ ಒಂದೇ ಲೆಕ್ಕ."

"ಇಂಥ ಗೆರೆ ನಾನು ಇನ್ನೊಂದು ಕಡೆ ನೋಡಿದ್ದೇನೆ," ಎಂದರು ಬಾಳಿಗಾ. "ಯಂತ್ರಕ್ಕೆ ಕಲಿಸ್ಲಿಕ್ಕೆ ನಾವು ಹಳೆಯ ತಂಡಗಳ ದಾಖಲೆ ಹಾಕಿದ್ದೆವಲ್ಲ. ಅದರಲ್ಲಿ ಒಂದು ಹೊರದೇಶದ ತಂಡ. ಆಡ್ತಾ ಇದ್ದ ಹಾಗೆ ಅವರ ಹುಡುಗ ಒಬ್ಬ ಮೈದಾನದಲ್ಲೇ ಬಿದ್ದು ತೀರಿಹೋದ. ಉಳಿದವರಿಗೆ ಗಾಯ ಇಲ್ಲ, ಕಾಯಿಲೆ ಇಲ್ಲ. ಆದ್ರೆ ತಿಂಗಳುಗಟ್ಟಲೆ ಅವರ ಕಾಲು ಭಾರ. ಚೆಂಡು ಹತ್ತಿರ ಬಂದ್ರೂ ಒಂದು ಗಳಿಗೆ ತಡ. ಯಂತ್ರ ಅದನ್ನು ಕಲಿತುಕೊಂಡಿದೆ."

"ಹಾಗಾದ್ರೆ ಲ್ಯಾನ್ಸಿ..."

"ಗೊತ್ತಿಲ್ಲ ರಮ್ಲತ್. ನೆರಳು ತೆರೆಯದೆ ಗೊತ್ತಾಗುದಿಲ್ಲ."

"ತೆರೆಯುವ."

"ಇವತ್ತು ಒಳ್ಳೆಯದಕ್ಕೆ ತೆರೀತೇವೆ. ನಾಳೆ ಕ್ಲಬ್ಬಿನವರು ಬಂದು, ಅವನದ್ದು ತೆರೆದಿರಲ್ಲ, ಇವನದ್ದೂ ತೆರೀರಿ ಅಂತಾರೆ. ಆ ಹುಡುಗರಿಗೆ ನಾನು ಮಾತು ಕೊಟ್ಟಿದ್ದೇನೆ."

ಬಾಳಿಗಾ ಅಂದೇ ಲೀಗಿನ ಆಡಳಿತಕ್ಕೆ ವಿಷಯ ತಿಳಿಸಿ ಅನುಮತಿ ಕೇಳಿದರು. ಸಮಿತಿ ಸೇರಿದಾಗ ಚರ್ಚಿಸುತ್ತೇವೆ, ಅಲ್ಲಿಯವರೆಗೆ ಗೌಪ್ಯತೆ ಕಾಪಾಡಿ ಎಂದು ಉತ್ತರ ಬಂತು. ಸಮಿತಿ ಸೇರುವುದು ಲೀಗಿನ ಅರ್ಧ ಮುಗಿದ ಮೇಲೆ, ಎಂದರೆ ಒಂಬತ್ತನೆಯ ಪಂದ್ಯವೂ ದಾಟಿದ ಮೇಲೆ.

ರಮ್ಲತ್ ಆ ಉತ್ತರವನ್ನು ಓದಿ ಮುಗಿಸಿದಳು. ಸಿಟ್ಟು ಬರಬೇಕಿತ್ತು ಎಂದು ಅವಳಿಗೆ ತಿಳಿದಿತ್ತು. ಬರಲಿಲ್ಲ. ಏನು ಮಾಡಬೇಕೆಂಬುದು ಮಾತ್ರ ಸ್ಪಷ್ಟವಾಗಿತ್ತು.

"ನಾನು ಲ್ಯಾನ್ಸಿಯ ಮನೆಗೆ ಹೋಗಿ ಹೇಳ್ತೇನೆ ಮೇಡಂ."

"ಅದೂ ಒಪ್ಪಂದಕ್ಕೆ ವಿರುದ್ಧ."

"ಗೊತ್ತುಂಟು."

ಬಾಳಿಗಾ ಕಿಟಕಿಯ ಕಡೆ ತಿರುಗಿದರು. "ಹೋಗುದಾದ್ರೆ ನಿಮ್ಮ ಕಾರ್ಡು ಇಲ್ಲಿಟ್ಟು ಹೋಗಿ. ಕೇಂದ್ರದವರಾಗಿ ಹೋಗ್ಬೇಡಿ." ತಿರುಗಿ ನೋಡದೆ, "ಬೇಗ ಹೋಗಿ," ಎಂದರು.

ಲ್ಯಾನ್ಸಿಯ ಮನೆ ಕುಲಶೇಖರದಲ್ಲಿ, ಇಗರ್ಜಿಯ ಹಿಂದಿನ ಓಣಿಯಲ್ಲಿತ್ತು. ಶಿಬಿರಕ್ಕೆ ಬಿಡುವಿದ್ದ ಮಧ್ಯಾಹ್ನ. ಅವನು ಅಂಗಳದಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ಅವನ ಹೆಂಡತಿ ಪ್ರೆಸಿಲ್ಲಾ ಟೀಚರು; ಶಾಲೆಯಿಂದ ಆಗಷ್ಟೇ ಬಂದಿದ್ದಳು. ರಮ್ಲತ್ ತಾನು ಯಾರೆಂದು ಹೇಳಿ, ಗೊತ್ತಿದ್ದಷ್ಟನ್ನು ಹೇಳಿದಳು. ಗೊತ್ತಿಲ್ಲದ್ದು ಯಾವುದು ಎಂಬುದನ್ನೂ ಹೇಳಿದಳು.

ಲ್ಯಾನ್ಸಿ ನಕ್ಕ. "ಕ್ಲಬ್ಬಿನ ಡಾಕ್ಟರು ನನ್ನ ಹಾರ್ಟು ಕುದುರೆಯ ಹಾಗೆ ಉಂಟು ಅಂದಿದ್ದಾರೆ ಮೇಡಂ. ಇಸಿಜಿ ತೆಗೆದಿದ್ದಾರೆ. ನಿಮ್ಮ ಯಂತ್ರ ಎಂತ ಹೇಳಿದ್ದು? ನಾವು ಸೋಲ್ತೇವೆ ಅಂತ. ನಾನು ಸಾಯ್ತೇನೆ ಅಂತ ಹೇಳಿದೆಯಾ?"

"ಅದಕ್ಕೆ ಸಾಯುದು ಅಂದ್ರೆ ಎಂತ ಅಂತ ಗೊತ್ತಿಲ್ಲ. ಪಾಯಿಂಟು ಮಾತ್ರ ಗೊತ್ತು. ಉಳಿದದ್ದು ನನ್ನ ಊಹೆ. ತಪ್ಪಿದ್ರೂ ಇರ್ಬಹುದು."

"ಊಹೆಗೆ ನಾನು ಆಟ ಬಿಡ್ಬೇಕಾ?"

"ಬಿಡಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ. ಒಮ್ಮೆ ದೊಡ್ಡ ಸ್ಕ್ಯಾನ್ ಮಾಡಿಸಿ."

ಪ್ರೆಸಿಲ್ಲಾ ಅಲ್ಲಿಯವರೆಗೆ ಬಾಗಿಲಲ್ಲೇ ನಿಂತಿದ್ದಳು. ಅವಳು ಕೇಳಿದ್ದು ಒಂದೇ. "ಲಕ್ಷ ಸಲ ಆಡಿಸ್ತೀರಂತಲ್ಲ. ಅದರಲ್ಲಿ ಎಷ್ಟು ಸಲ ಹೀಗೆ?"

"ಹೆಚ್ಚಿನ ಸಲ," ಎಂದಳು ರಮ್ಲತ್.

ಪ್ರೆಸಿಲ್ಲಾ ಒಳಗೆ ಹೋಗಿ ಪರ್ಸು ಹೆಗಲಿಗೆ ಹಾಕಿಕೊಂಡು ಬಂದಳು. "ಎದ್ದೇಳಿ. ಈಗಲೇ ಹೋಗುವ," ಎಂದಳು ಗಂಡನಿಗೆ.

ಮಾಮೂಲಿ ಪರೀಕ್ಷೆಗಳಲ್ಲಿ ಏನೂ ಸಿಗಲಿಲ್ಲ. ಪ್ರೆಸಿಲ್ಲಾ ಬಿಡಲಿಲ್ಲ. ಹೃದಯದ ಸ್ನಾಯುವನ್ನು ತೋರಿಸುವ ಸ್ಕ್ಯಾನಿನಲ್ಲಿ ಗೋಡೆಯ ಒಂದು ಭಾಗ ಗಾಯ ಮಾಗಿ ಗಟ್ಟಿಯಾದ ಹಾಗೆ ಕಂಡಿತು. ಯಾವಾಗಲೋ ಬಂದುಹೋದ ಜ್ವರವೊಂದು ಬಿಟ್ಟುಹೋದ ಗುರುತು ಇರಬಹುದು ಎಂದರು ವೈದ್ಯರು. ನಡೆಯಬಹುದು, ಮೆಟ್ಟಿಲು ಹತ್ತಬಹುದು, ಮುದುಕನಾಗುವವರೆಗೆ ಬದುಕಬಹುದು. ಆದರೆ ಜೋರಾಗಿ ಓಡಿದರೆ ಯಾವ ಗಳಿಗೆಯಲ್ಲಾದರೂ ಹೃದಯದ ತಾಳ ತಪ್ಪಬಹುದು. ತಾಳ ತಪ್ಪಿದರೆ ಸರಿಪಡಿಸುವ ಒಂದು ಸಣ್ಣ ಸಾಧನವನ್ನು ಎದೆಯ ಚರ್ಮದಡಿ ಕೂರಿಸಿದರು. ಲ್ಯಾನ್ಸಿಯ ಆಟ ಅಲ್ಲಿಗೆ ಮುಗಿಯಿತು.

ಕ್ಲಬ್ಬಿನವರು "ವೈಯಕ್ತಿಕ ಕಾರಣ" ಎಂದಷ್ಟೇ ಪ್ರಕಟಿಸಿದರು. ತಂಡ ಬದಲಾದ್ದರಿಂದ ನಿಯಮದಂತೆ ಯಂತ್ರ ಮತ್ತೊಮ್ಮೆ ಲೆಕ್ಕ ಹಾಕಿತು. ನೇತ್ರಾವತಿಗೆ ಶೇಕಡಾ ಮೂವತ್ತೊಂದು. ಮಾರಾಟವಾಗದೆ ಬಿದ್ದಿದ್ದ ಟಿಕೆಟುಗಳು ಎರಡೇ ದಿನದಲ್ಲಿ ಖಾಲಿಯಾದವು. ಉನೈಸ್‌ನ ಬಸ್ಸಿನಲ್ಲೇ ಒಬ್ಬರು ಇನ್ನೊಬ್ಬರಿಗೆ ಹೇಳಿದರು: "ಆ ಲ್ಯಾನ್ಸಿ ಹೋದದ್ದೇ ಒಳ್ಳೇದಾಯ್ತು ಮಾರ್ರೆ. ಅವನೇ ಟೀಮಿಗೆ ಶನಿ." ಅಂಥ ಮಾತು ಊರಿಡೀ ಹಬ್ಬಿತು.

ಅದು ಲ್ಯಾನ್ಸಿಯ ಕಿವಿಗೂ ಬಿತ್ತು. ಅವನು ರಮ್ಲತ್‌ಗೆ ಫೋನ್ ಮಾಡಿದ.

"ನನ್ನನ್ನು ತೆಗೆದ್ರೆ ಟೀಮು ಉದ್ಧಾರ ಆಗ್ತದೆ ಅಂತ ಜನ ಹೇಳ್ತಾರೆ. ಹೌದಾ?"

"ಅಂಕಿ ಹಾಗೆ ಹೇಳ್ತದೆ. ಆದ್ರೆ ಅದರ ಅರ್ಥ ಬೇರೆ. ನೀವು ಬಿದ್ರೆ ಉಳಿದವರು ಎದ್ದು ನಿಲ್ಲುದಿಲ್ಲ ಅಂತ ಅದರ ಅರ್ಥ."

"ಅದನ್ನು ಜನರಿಗೆ ಯಾರು ಹೇಳ್ತಾರೆ? ನೀವು ಹೇಳ್ತೀರಾ?" ಎಂದ. ಅವಳು ಉತ್ತರಿಸುವ ಮೊದಲೇ ಫೋನ್ ಇಟ್ಟ. ಆಮೇಲೆ ಅವಳು ಮಾಡಿದ ಕರೆಗಳನ್ನು ಅವನು ಎತ್ತಲಿಲ್ಲ.

ಒಪ್ಪಂದ ಮುರಿದದ್ದಕ್ಕೆ ರಮ್ಲತ್‌ಳನ್ನು ಕೇಂದ್ರ ಕೆಲಸದಿಂದ ತೆಗೆಯಿತು. ಆದೇಶಕ್ಕೆ ಸಹಿ ಹಾಕಿದವರು ಬಾಳಿಗಾ. ಅದರ ಮುಂದಿನ ವಾರ ತಾವೂ ರಾಜೀನಾಮೆ ಕೊಟ್ಟರು. ಹಗಲು ಹೊತ್ತಿನಲ್ಲಿ ಮನೆಯಲ್ಲಿರುವುದು ರಮ್ಲತ್‌ಗೆ ಹೊಸದು. ಜಗಲಿಯಲ್ಲಿ ಕೂರುತ್ತಿದ್ದಳು. ಮೀನು ಮಾರುವವಳು ಕೂಗಿಕೊಂಡು ಹೋಗುತ್ತಿದ್ದಳು, ಮಸೀದಿಯಿಂದ ಬಾಂಗ್ ಕೇಳುತ್ತಿತ್ತು, ಬಿಸಿಲು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಸರಿಯುತ್ತಿತ್ತು. ತಾಯಿ ಬೆಳ್ಳುಳ್ಳಿ ಸುಲಿಯುತ್ತ ಅವಳನ್ನೇ ನೋಡುತ್ತಿದ್ದರು.

"ನೀನು ಒಂದು ಜೀವ ಉಳಿಸಿದವಳು. ಮತ್ತೆ ಯಾಕೆ ಹೀಗೆ ಕೂತಿದ್ದಿ?"

"ಗೊತ್ತಾಗುದಿಲ್ಲ ಉಮ್ಮ. ಬೇಸರವೂ ಇಲ್ಲ, ಖುಷಿಯೂ ಇಲ್ಲ."

ನಿಜವಾಗಿಯೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆಗದೇ ಹೋದ ಸಾವನ್ನು ನೆನೆದು ಸಮಾಧಾನಪಡುವುದು ಹೇಗೆ? ಅವಳ ಕಣ್ಣಿಗೆ ಕಂಡದ್ದು ಇಷ್ಟೇ: ಅಂಗಳದಲ್ಲಿ ಬೂಟು ಒರೆಸುತ್ತಿದ್ದ ಒಬ್ಬ ಮನುಷ್ಯ ಇನ್ನು ಅದನ್ನು ಹಾಕಿಕೊಳ್ಳುವುದಿಲ್ಲ.

ಜನರಿಗೆ ಹೇಳಿದವನು ಉನೈಸ್. ಲ್ಯಾನ್ಸಿಯ ಕಾಯಿಲೆಯ ವಿಷಯ ಎತ್ತಬಾರದೆಂದು ರಮ್ಲತ್ ಮೊದಲೇ ಅವನಿಂದ ಭಾಷೆ ತೆಗೆದುಕೊಂಡಿದ್ದಳು. ಲೀಗಿನ ಹಿಂದಿನ ದಿನ ಅವನು ಬಸ್ಸನ್ನು ಡಿಪೋದ ಮರದಡಿ ನಿಲ್ಲಿಸಿ ತನ್ನ ಅಂದಾಜನ್ನು ಧ್ವನಿಮುದ್ರಿಸಿದ. ಗೋಲಿಯಿಂದ ಶುರುಮಾಡಿ ಒಬ್ಬೊಬ್ಬರನ್ನೇ ತೂಗಿದ. ಬಲಗಡೆಯ ಹುಡುಗನ ಎಳಸುತನ ಬಿಡಲಿಲ್ಲ, ಮುಂದಿನವರ ಗುರಿ ತಪ್ಪುವುದನ್ನೂ ಬಿಡಲಿಲ್ಲ. ಕೊನೆಗೆ ಹೀಗೆಂದ: "ಲ್ಯಾನ್ಸಿ ಇಲ್ಲದ ನಮ್ಮ ಟೀಮು ಲ್ಯಾನ್ಸಿ ಇದ್ದ ಟೀಮಿಗಿಂತ ಕಳಪೆ. ಇದು ಕಣ್ಣಿದ್ದವರಿಗೆಲ್ಲ ಗೊತ್ತುಂಟು. ಒಬ್ಬನ ಕಾಲು ನಿಂತದ್ದಕ್ಕೆ ಚಪ್ಪಾಳೆ ಹೊಡೆಯುವವರು ನಾಳೆ ನನ್ನ ಬಸ್ಸಿಗೆ ಹತ್ತುದು ಬೇಡ, ಹಿಂದಿನ ಬಸ್ಸಿಗೆ ಬನ್ನಿ. ಪ್ಲೇಆಫ್ ಬರ್ತದಾ ಅಂತ ಕೇಳಿದ್ರೆ, ಬರುದಿಲ್ಲ ಅಂತ ನನ್ನ ಅಂದಾಜು. ಆದ್ರೂ ನಾನು ಹೋಗ್ತೇನೆ. ನನ್ನ ಟೀಮು ಅದು."

ಯಂತ್ರ ಬಂದ ಮೇಲೆ ಮೊದಲ ಸಲ ಅಭಿಮಾನಿಗಳ ಗುಂಪಿನಲ್ಲಿ ಜಗಳ ಎದ್ದಿತು. ಕೆಲವರು ಉನೈಸ್‌ನನ್ನು ಬೈದರು, ಕೆಲವರು ಬೈದವರನ್ನು ಬೈದರು.

ಆ ವರ್ಷ ನೇತ್ರಾವತಿ ಐದನೆಯ ಸ್ಥಾನದಲ್ಲಿ ಮುಗಿಸಿತು, ಪ್ಲೇಆಫ್ ಸಿಗಲಿಲ್ಲ. ನೆರಳನ್ನು ಆಯಾ ಆಟಗಾರನಿಗೆ ಮಾತ್ರ, ಅವನು ಕೇಳಿದರೆ ತೆರೆದು ತೋರಿಸಬೇಕೆಂದು ಒಪ್ಪಂದವನ್ನೂ ಮುಂದೆ ತಿದ್ದಿದರು. ಅವೆಲ್ಲ ಆಮೇಲಿನ ಸಂಗತಿ. ಇಲ್ಲಿ ಹೇಳಬೇಕಾದದ್ದು ಯಂತ್ರದ ಗೆರೆ ಜಾರಿದ್ದ ಆ ಒಂಬತ್ತನೆಯ ಪಂದ್ಯದ ದಿನದ್ದು.

ಅದೊಂದು ಭಾನುವಾರ. ಊಟವಾದ ಮೇಲೆ ಉನೈಸ್ ಹೊರಟಾಗ ರಮ್ಲತ್ ತಾನೂ ಚಪ್ಪಲಿ ಹಾಕಿಕೊಂಡಳು. ಅವನು ಇನ್ನೊಂದು ಟಿಕೆಟಿಗೆ ಯಾರಿಗೋ ಫೋನ್ ಮಾಡಿದ. ಗ್ಯಾಲರಿಯಲ್ಲಿ ಸೆಖೆ. ಆಟ ಸಪ್ಪೆ. ಲ್ಯಾನ್ಸಿ ನಿಲ್ಲುತ್ತಿದ್ದ ಜಾಗದಲ್ಲಿ ಕಾರವಾರದ ಕಡೆಯ ಹುಡುಗನೊಬ್ಬ ಓಡುತ್ತಿದ್ದ. ರಮ್ಲತ್ ಚೆಂಡಿನ ಹಿಂದೆಯೇ ಕಣ್ಣು ಓಡಿಸಲಿಲ್ಲ. ಆ ಜಾಗವನ್ನೇ ನೋಡುತ್ತಿದ್ದಳು. ಅಲ್ಲಿ ಯಾರೂ ಬೀಳಲಿಲ್ಲ. ಹುಲ್ಲಿತ್ತು, ಬಿಸಿಲಿತ್ತು, ಹುಡುಗನ ನೆರಳಿತ್ತು. ಯಾರೂ ಗೋಲು ಹೊಡೆಯದೆ ಆಟ ಮುಗಿಯಿತು. ಆಟಗಾರರು ಕೈಕುಲುಕಿ, ನೀರು ಕುಡಿದು ಒಳಗೆ ಹೋದರು.

ಹೊರಗೆ ಬಂದು, ಉನೈಸ್ ಕಬ್ಬಿನ ಹಾಲು ತರಲು ಹೋದಾಗ, ಅವಳ ಫೋನ್ ರಿಂಗಾಯಿತು. ಲ್ಯಾನ್ಸಿ.

"ಇವತ್ತು ಅಲ್ವಾ?" ಎಂದ.

"ಹೌದು. ಹೆಚ್ಚಿನ ಸಲ ಇವತ್ತು."

ಅತ್ತಲಿಂದ ಪಾತ್ರೆಯ ಸದ್ದು, ಪ್ರೆಸಿಲ್ಲಾ ಯಾರಿಗೋ ಏನೋ ಹೇಳುತ್ತಿದ್ದ ಸದ್ದು ಕೇಳಿತು.

"ನಿಮಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಮಾಡಿದ್ದಲ್ಲ ಫೋನ್."

"ಗೊತ್ತುಂಟು."

"ಬೆಳಿಗ್ಗೆ ಮೀನಿನ ದಕ್ಕೆಗೆ ಹೋಗಿ ಬಂಗುಡೆ ತಂದೆ. ಇಗರ್ಜಿಯ ಪೂಜೆಗೆ ಹೋದೆ. ಊಟ ಮಾಡಿ ಮಲಗಿದೆ. ನಿದ್ದೆ ಬರ್ಲಿಲ್ಲ. ಟಿವಿ ಹಾಕ್ಲಿಕ್ಕೆ ಪ್ರೆಸಿ ಬಿಡ್ಲಿಲ್ಲ." ಆಮೇಲೆ ಕೇಳಿದ: "ಎಷ್ಟಾಯ್ತು?"

"ಸೊನ್ನೆ, ಸೊನ್ನೆ."

"ನನ್ನ ಜಾಗದ ಹುಡುಗ ಹೇಗೆ ಆಡಿದ?"

ರಮ್ಲತ್‌ಗೆ ಅಂಕಿಯೊಂದೂ ಹೊಳೆಯಲಿಲ್ಲ. ಅವನು ಎಷ್ಟು ಓಡಿದ, ಎಷ್ಟು ಪಾಸು ಕೊಟ್ಟ, ಅವಳಿಗೆ ತಿಳಿದಿರಲಿಲ್ಲ. ಆದರೆ ಆ ಜಾಗವನ್ನು ಅವಳಷ್ಟು ಸರಿಯಾಗಿ ಆ ದಿನ ಇನ್ನಾರೂ ನೋಡಿರಲಿಲ್ಲ.

"ಮೊದಲಿಗೆ ಹೆದರಿದ್ದ," ಎಂದಳು. "ಚೆಂಡು ಬಂದ ಕೂಡಲೇ ಯಾರಿಗಾದ್ರೂ ಕೊಟ್ಟುಬಿಡುದು. ಬಿಸಿ ಪಾತ್ರೆ ಹಿಡಿದವರ ಹಾಗೆ."

"ಹೊಸತರಲ್ಲಿ ಎಲ್ಲರೂ ಹಾಗೆಯೇ. ಮತ್ತೆ?"

"ಮತ್ತೆ ಒಂದು ಸಲ ಎಡಗಡೆಯಿಂದ ಒಂದು ಪಾಸು ಬಂತು. ಇವನು ತಿರುಗಿಯೇ ನೋಡ್ಲಿಲ್ಲ. ಹಿಮ್ಮಡಿಯಲ್ಲಿ ಹಾಗೆಯೇ ಬಿಟ್ಟುಬಿಟ್ಟ. ಹಿಂದಿನಿಂದ ಬಂದವನಿಗೆ ದಾರಿ ಪೂರಾ ಖಾಲಿ..."

"ಗೋಲು?"

"ಇಲ್ಲ. ಕಂಬಕ್ಕೆ ತಾಗಿ ಹೊರಗೆ ಹೋಯ್ತು."

"ಛೇ!" ಎಂದ ಲ್ಯಾನ್ಸಿ.

"ಛೇ," ಎಂದಳು ರಮ್ಲತ್. ಉನೈಸ್ ಎರಡು ಲೋಟ ಹಿಡಿದು ಎದುರು ನಿಂತಿದ್ದ. ಒಂದು ನಿಮಿಷ ಎಂದು ಕೈಸನ್ನೆ ಮಾಡಿ ಅವಳು ಗೋಡೆಯ ಬದಿಗೆ ಸರಿದಳು, ಕಣ್ಣೊರೆಸಿಕೊಂಡಳು, ಆ ಪಾಸು ಎಲ್ಲಿಂದ ಹೇಗೆ ಬಂತೆಂದು ಮೊದಲಿನಿಂದ ಹೇಳತೊಡಗಿದಳು.